ಒಂದು ಸಿಗರೇಟಿನ ಬೆಲೆ ಎಷ್ಟು? ಯಾರ ಲೆಕ್ಕ ನಂಬೋಣ?

ಇವತ್ತು ಒಂದು ಪುಟ್ಟ ಪ್ರಶ್ನೆಯಿಂದ ಶುರು ಮಾಡ್ತೀನಿ. ಭಾರತದಲ್ಲಿ ಒಂದು ಸಿಗರೇಟಿನ ಬೆಲೆ ಎಷ್ಟು?

ಇದೇನು ಪ್ರಶ್ನೆ, ಗೂಡಂಗಡಿಯಲ್ಲಿ ಕೇಳಿದ್ರೆ ಆಯ್ತಲ್ಲ ಅಂತೀರಿ. ಆದ್ರೆ ಇದೇ ಪ್ರಶ್ನೆ ಇಟ್ಟುಕೊಂಡು ಕೇಂದ್ರ ಅಬಕಾರಿ ಇಲಾಖೆ ಮತ್ತು ಐಟಿಸಿ ಕಂಪನಿ 1987ರಿಂದ 2004ರವರೆಗೆ ಜಗಳ ಆಡಿವೆ. ಜಗಳದ ಮೊತ್ತ ಸುಮಾರು 803 ಕೋಟಿ ರೂಪಾಯಿ. ಅಬಕಾರಿ ಅಂದ ಕೂಡಲೇ ನಮಗೆ ಹೆಂಡದಂಗಡಿ ನೆನಪಾಗುತ್ತೆ. ಇಲ್ಲಿ ನಾನು ಹೇಳ್ತಿರೋದು ಕಾರ್ಖಾನೆಯಲ್ಲಿ ತಯಾರಾದ ಸರಕಿನ ಮೇಲೆ ಕೇಂದ್ರ ಹಾಕುವ ಸುಂಕದ ಬಗ್ಗೆ.

ಆಗಿದ್ದಿಷ್ಟು. 1983ರ ಮಾರ್ಚ್‌ನಿಂದ 1987ರ ಫೆಬ್ರವರಿವರೆಗೆ ಸಿಗರೇಟಿನ ಸುಂಕವನ್ನು ಪ್ಯಾಕಿನ ಮೇಲೆ ಮುದ್ರಿಸಿದ ಬೆಲೆಗೆ ಜೋಡಿಸಿದ್ದರು. ಮುದ್ರಿಸಿದ ಬೆಲೆ ಕಡಿಮೆ ಇದ್ದರೆ ಸುಂಕವೂ ಕಡಿಮೆ. ಅಂಗಡಿಗಳಲ್ಲಿ ಅದಕ್ಕಿಂತ ಹೆಚ್ಚಿಗೆ ಮಾರಾಟ ಆಗ್ತಿದೆ, ಅದು ಕಂಪನಿಗೆ ಗೊತ್ತಿದ್ದೇ ಆಗ್ತಿದೆ, ಹಾಗಾಗಿ ನಿಜವಾದ ಬೆಲೆಯ ಮೇಲೆ ಸುಂಕ ಕಟ್ಟಿ ಅನ್ನೋದು ಇಲಾಖೆಯ ವಾದ. ಕಂಪನಿ ಇದನ್ನು ಒಪ್ಪಲಿಲ್ಲ. 2004ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಮುದ್ರಿತ ಬೆಲೆಯೇ ಲೆಕ್ಕ ಅಂತಾಯ್ತು. ಸರ್ಕಾರ ಸುಮ್ಮನಿರಲಿಲ್ಲ, 2005ರಲ್ಲಿ ಪೂರ್ವಾನ್ವಯವಾಗುವ ಹಾಗೆ ಕಾನೂನನ್ನೇ ತಿದ್ದಿತು. ಕೋರ್ಟಿನಲ್ಲಿ ಯಾರು ಸರಿ, ಯಾರು ತಪ್ಪು ಅನ್ನೋದು ನನ್ನ ವಿಷಯ ಅಲ್ಲ. ಒಂದು ಸಿಗರೇಟಿಗೆ ಎರಡು ಬೆಲೆ ಇರಬಹುದು, ಒಂದು ಪ್ಯಾಕಿನ ಮೇಲೆ, ಇನ್ನೊಂದು ಅಂಗಡಿಯವನ ಬಾಯಲ್ಲಿ ಅನ್ನೋದು ಅಲ್ಲಿ ದಾಖಲಾಯ್ತು, ನನಗೆ ಅದು ಮುಖ್ಯ.

1987ರಲ್ಲಿ ಸರ್ಕಾರ ಬೆಲೆಯ ಸಹವಾಸವೇ ಬೇಡ ಅಂತ ಸಿಗರೇಟಿನ ಉದ್ದಕ್ಕೆ ಬಂತು. ಇಷ್ಟು ಮಿಲಿಮೀಟರ್ ಇದ್ದರೆ ಸಾವಿರ ಸಿಗರೇಟಿಗೆ ಇಷ್ಟು ಸುಂಕ. ಲೆಕ್ಕ ಚೊಕ್ಕವಾಯ್ತು. ಆದ್ರೆ ಉದ್ದ ಅಳೆದರೆ ಉದ್ದವೇ ಬದಲಾಗುತ್ತೆ! 2012ರಲ್ಲಿ 65 ಮಿ.ಮೀ. ಒಳಗಿನ ಫಿಲ್ಟರ್ ಸಿಗರೇಟಿಗೆ ಕಡಿಮೆ ಸುಂಕದ ಹಂತ ಬಂದಿದ್ದೇ ತಡ, ಮಾರುಕಟ್ಟೆಗೆ 64 ಮಿ.ಮೀ. ಸಿಗರೇಟುಗಳು ಬಂದವು. ಉದ್ದನೆಯದನ್ನು ಸೇದುತ್ತಿದ್ದವನು ಗಿಡ್ಡದಕ್ಕೆ ಬಂದರೂ ಸಂಖ್ಯೆಯ ಲೆಕ್ಕದಲ್ಲಿ ಒಂದು ಅಂದ್ರೆ ಒಂದೇ. ಕಾರ್ಖಾನೆಯಿಂದ ಎಷ್ಟು ಹೊರಟಿತು ಅನ್ನೋದಕ್ಕೆ ಸುಂಕದ ಲೆಕ್ಕದಷ್ಟು ಗಟ್ಟಿಯಾದದ್ದು ಬೇರೆ ಇಲ್ಲ. ಯಾರು ಸೇದಿದರು, ಎಷ್ಟು ಕೊಟ್ಟರು ಅಂತ ಮಾತ್ರ ಅದನ್ನು ಕೇಳಬೇಡಿ.

ಬೆಲೆ ಗೊತ್ತಾಗೋಕೆ ಗ್ರಾಹಕ ಬೆಲೆ ಸೂಚ್ಯಂಕ ಇದೆಯಲ್ಲ? ಇದೆ. ಆರಿಸಿದ ಅಂಗಡಿಗೆ ಹೋಗಿ, ಆರಿಸಿದ ಸರಕಿನ ಬೆಲೆ ಬರೆದುಕೊಂಡು ಬರ್ತಾರೆ. 2012 ಆಧಾರ ವರ್ಷದ ಸರಣಿಯಲ್ಲಿ ಪಾನ್, ತಂಬಾಕು, ಮದ್ಯ ಎಲ್ಲ ಸೇರಿ ತೂಕ ಶೇ 2.38. ಬೆಲೆ ಏರುವ ವೇಗ ನೋಡೋಕೆ ಸಾಕು, ಅದಕ್ಕಿಂತ ಹೆಚ್ಚು ಬಯಸಬಾರದು.

ಇನ್ನು ಮನೆಮನೆ ಸಮೀಕ್ಷೆ. ಕುಟುಂಬ ವೆಚ್ಚದ ಸಮೀಕ್ಷೆಯಲ್ಲಿ ಸಿಗರೇಟು ಎಷ್ಟು, ಬೀಡಿ ಎಷ್ಟು ಅಂತ ಕೇಳ್ತಾರೆ. ಉತ್ತರ ಹೇಳೋರು ಯಾರು? ಆ ಹೊತ್ತಿಗೆ ಮನೆಯಲ್ಲಿ ಇದ್ದವರು, ಎಷ್ಟೋ ಸಲ ಅಮ್ಮ. ಕಾಲೇಜಿಗೆ ಹೋದ ಮಗ ಕ್ಯಾಂಟೀನ್ ಹಿಂದೆ ಏನು ಮಾಡ್ತಾನೆ ಅಂತ ಅಮ್ಮನಿಗೆ ಗೊತ್ತಿದ್ದರೆ ತಾನೇ ಹೇಳೋದು? ಸಾಲದ್ದಕ್ಕೆ, 2017-18ರ ಸಮೀಕ್ಷೆಯ ಫಲಿತಾಂಶವನ್ನು ಗುಣಮಟ್ಟ ಸರಿಯಿಲ್ಲ ಅಂತ ಸರ್ಕಾರ ಬಿಡುಗಡೆ ಮಾಡಲೇ ಇಲ್ಲ. 2011-12 ಆದ ಮೇಲೆ ನಮಗೆ ಸಿಕ್ಕಿದ್ದು 2022-23ರದ್ದು. ಜಿಎಸ್‌ಟಿ ಬಂದಿದ್ದು 2017ರಲ್ಲಿ. ಅಂದ್ರೆ ತೆರಿಗೆ ಪದ್ಧತಿ ಪೂರ್ತಿ ಬದಲಾದ ಹೊತ್ತಿನಲ್ಲೇ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗಾಯ್ತು. ನನಗೆ ಈಗಲೂ ಇದರ ಬಗ್ಗೆ ಸಿಟ್ಟಿದೆ.

ನನ್ನ ಮಟ್ಟಿಗೆ ಇವುಗಳಲ್ಲಿ ವಾಸಿ ಅಂದ್ರೆ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆ, ಗ್ಯಾಟ್ಸ್. ಮನೆಯಲ್ಲಿ 15 ದಾಟಿದ ಒಬ್ಬರನ್ನು ಆರಿಸಿ, ಅವರನ್ನೇ ಕೇಳ್ತಾರೆ: ಕೊನೆಯ ಸಲ ಎಷ್ಟು ಸಿಗರೇಟು ಕೊಂಡಿರಿ, ಎಷ್ಟು ಕೊಟ್ಟಿರಿ? 2016-17ರಲ್ಲಿ 74,037 ಜನರನ್ನು ಮಾತಾಡಿಸಿದರು. ಸಿಗರೇಟು ಸೇದುವವರು 2009-10ರಲ್ಲಿ ಶೇ 5.7 ಇದ್ದವರು ಶೇ 4.0ಕ್ಕೆ ಇಳಿದಿದ್ದರು. ತೊಂದರೆ ಏನಂದ್ರೆ ಎರಡು ಸುತ್ತಿನ ನಡುವೆ ಏಳು ವರ್ಷದ ಅಂತರ.

"ಎಷ್ಟು ಕೊಂಡಿರಿ" ಅನ್ನೋ ಪ್ರಶ್ನೆ ಯಾಕೆ ಮುಖ್ಯ ಅಂದ್ರೆ, ನಮ್ಮಲ್ಲಿ ಪ್ಯಾಕ್ ಕೊಳ್ಳೋರಿಗಿಂತ ಬಿಡಿಯಾಗಿ ಕೊಳ್ಳೋರೇ ಹೆಚ್ಚು. (ಬಿಡಿ, ಬೀಡಿ ಅಲ್ಲ.) ಹತ್ತರ ಪ್ಯಾಕಿಗೆ 95 ರೂಪಾಯಿ ಅಂದುಕೊಳ್ಳಿ. ಒಂದಕ್ಕೆ ಒಂಬತ್ತೂವರೆ. ಎಂಟಾಣೆ ಚಿಲ್ಲರೆ ಯಾರ ಹತ್ರ ಇದೆ? ಅಂಗಡಿಯಲ್ಲಿ ಹತ್ತು. ತೆರಿಗೆ ಏರಿ ಪ್ಯಾಕ್ 99 ಆದರೂ ಬಿಡಿ ಸಿಗರೇಟು ಹತ್ತೇ. ಕಡತದಲ್ಲಿ ಬೆಲೆ ಏರಿದೆ, ಸೇದುವವನ ಜೇಬಿಗೆ ಗೊತ್ತೇ ಇಲ್ಲ. 105 ಆದಾಗ ಅಂಗಡಿಯವರು ಒಮ್ಮೆಲೇ 12 ಮಾಡಿದರೆ, ಆಗ ಬೀಳೋ ಏಟು ಕಡತದಲ್ಲಿ ಇರೋದಕ್ಕಿಂತ ಜೋರು. ಬೆಲೆ ಏರಿಸಿದರೆ ಹುಡುಗರು ಬಿಡ್ತಾರಾ ಅನ್ನೋ ವಾದ ನಿಂತಿರೋದು ಈ ಹತ್ತು-ಹನ್ನೆರಡರ ಮೇಲೆ.

ತೆರಿಗೆ ಏರಿದರೆ ಕಳ್ಳ ಸಿಗರೇಟು ಹೆಚ್ಚುತ್ತೆ ಅನ್ನೋದು ಉದ್ಯಮದ ಹಳೆಯ ಮಾತು. ಅವರ ಕಡೆಯ ವರದಿಗಳಲ್ಲಿ ಅದರ ಪಾಲು ಮಾರುಕಟ್ಟೆಯ ಸುಮಾರು ಕಾಲು ಭಾಗ. ರಿಜೋ ಜಾನ್ ಮತ್ತು ಹಾನಾ ರಾಸ್ ಅನ್ನೋ ಸಂಶೋಧಕರು ಇದನ್ನು ಪರೀಕ್ಷಿಸೋಕೆ ಹಿಡಿದ ದಾರಿ ನನಗೆ ತುಂಬಾ ಇಷ್ಟ. ಕೆಲವು ನಗರಗಳಲ್ಲಿ ಬಿಡಿ ಸಿಗರೇಟು ಮಾರುವ ಅಂಗಡಿಗಳಿಂದ ಒಂದು ದಿನದ ಖಾಲಿ ಪ್ಯಾಕ್‌ಗಳನ್ನು ಒಟ್ಟು ಮಾಡಿದರು. ಬಿಡಿಯಾಗಿ ಮಾರಿದರೆ ಖಾಲಿ ಪ್ಯಾಕ್ ಅಂಗಡಿಯಲ್ಲೇ ಉಳಿಯುತ್ತಲ್ಲ! 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅಕ್ರಮ ಸಿಗರೇಟಿನ ಪಾಲು ಶೇ 2.7ರ ಆಸುಪಾಸು. ಕೆಲವು ನಗರ ಇಡೀ ದೇಶ ಅಲ್ಲ, ನಿಜ. ಆದ್ರೆ ಅವರು ಲೆಕ್ಕದ ದಾರಿಯನ್ನು ತೆರೆದಿಟ್ಟಿದ್ದಾರೆ, ಅದಕ್ಕೇ ನಾನು ಆ ಕಡೆ ವಾಲೋದು.

ಈಗ ನಮ್ಮ ಕರ್ನಾಟಕದ ವಿಷಯ. 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ತಿದ್ದುಪಡಿ ಕಾಯ್ದೆಯ ಪ್ರಕಾರ 21 ವರ್ಷದೊಳಗಿನವರಿಗೆ ತಂಬಾಕು ಮಾರುವ ಹಾಗಿಲ್ಲ, ಯಾರಿಗೂ ಬಿಡಿ ಸಿಗರೇಟು ಮಾರುವ ಹಾಗಿಲ್ಲ. ಕಾನೂನು ನನಗೆ ಒಪ್ಪಿಗೆ. ಆದ್ರೆ ಇನ್ನು ಮುಂದೆ ಸಂಶೋಧಕರು ಬಂದು "ಅಣ್ಣಾ, ನಿನ್ನೆಯ ಖಾಲಿ ಪ್ಯಾಕ್ ಕೊಡಿ" ಅಂದ್ರೆ, ಯಾವ ಅಂಗಡಿಯವರು ಎತ್ತಿ ಕೊಡ್ತಾರೆ?