ಲಂಡನ್ನಿನಲ್ಲಿ ಆಟೊಕ್ರಾಸ್: ಕಡಿಮೆ ಬೆಲೆಯ ಹಳೆಯ ಕಾರನ್ನು ಆರಿಸುವ ಬಗೆ

‘ಆಟೊಕ್ರಾಸ್’ ಎಂಬ ಒಂದೇ ಹೆಸರು ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಆಟಗಳಿಗೆ ಸಲ್ಲುತ್ತದೆ. ಅಮೆರಿಕದಲ್ಲಿ ನೆಲೆಸಿರುವ ಓದುಗರಿಗೆ ಅದು ವಿಶಾಲವಾದ ಡಾಂಬರು ಬಯಲಿನಲ್ಲಿ ರಬ್ಬರು ಕೋನುಗಳನ್ನು ನಿಲ್ಲಿಸಿ ಮಾಡಿದ ಅಂಕುಡೊಂಕಾದ ಪಥದ ಸ್ಪರ್ಧೆ. ಅಲ್ಲಿ ಕಾರುಗಳು ಒಂದೊಂದಾಗಿ ಓಡುತ್ತವೆ. ಕಡಿಮೆ ಸೆಕೆಂಡುಗಳಲ್ಲಿ ಮುಗಿಸಿದವರು ಗೆಲ್ಲುತ್ತಾರೆ. ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯಲ್ಲಿ ರ‍್ಯಾಲಿ ಕಂಡವರಿಗೆ ಆಟೊಕ್ರಾಸ್ ಎಂದರೆ ಧೂಳೆಬ್ಬಿಸುವ ಮಣ್ಣಿನ ಪಥ. ಬ್ರಿಟನ್ನಿನಲ್ಲೂ ಈ ಹೆಸರು ಹುಲ್ಲುಗಾವಲಿನ ಅಥವಾ ಮಣ್ಣಿನ ಪಥದ ಓಟಕ್ಕೇ ಮೀಸಲು. ಡಾಂಬರಿನ ಮೇಲೆ ಕೋನುಗಳ ನಡುವೆ ನಡೆಯುವ ಆಟಕ್ಕೆ ಇಲ್ಲಿ ‘ಆಟೊಸೋಲೊ’ ಎನ್ನುತ್ತಾರೆ. ಲಂಡನ್ನಿನ ನಿವಾಸಿಯೊಬ್ಬರು ಕಡಿಮೆ ಖರ್ಚಿನಲ್ಲಿ ಕೈಗೊಳ್ಳಬಹುದಾದದ್ದು ಈ ಎರಡನೆಯದೇ ಆದ್ದರಿಂದ ಪ್ರಸ್ತುತ ಲೇಖನವು ಅದಕ್ಕೆ ತಕ್ಕ ಕಾರನ್ನು ಕುರಿತದ್ದು.

ಈ ಆಟದ ಮೇಲಾಡಳಿತ ‘ಮೋಟರ್‌ಸ್ಪೋರ್ಟ್ ಯುಕೆ’ ಸಂಸ್ಥೆಯದು. 2019ಕ್ಕೆ ಮೊದಲು ಇದಕ್ಕೆ ‘ಮೋಟರ್ ಸ್ಪೋರ್ಟ್ಸ್ ಅಸೋಸಿಯೇಷನ್’ ಎಂಬ ಹೆಸರಿತ್ತು. ಸ್ಪರ್ಧೆಗಳನ್ನು ನಡೆಸುವುದು ಸಟನ್ ಅಂಡ್ ಚೀಮ್ ಮೋಟರ್ ಕ್ಲಬ್, ಹ್ಯಾರೋ ಕಾರ್ ಕ್ಲಬ್ ಮೊದಲಾದ ಸ್ಥಳೀಯ ಕ್ಲಬ್ಬುಗಳು. ಕ್ಲಬ್ಬಿನ ಸದಸ್ಯತ್ವ, ಉಚಿತವಾಗಿ ದೊರೆಯುವ ‘ಆರ್.ಎಸ್. ಕ್ಲಬ್‌ಮನ್’ ಪರವಾನಗಿ ಮತ್ತು ಆ ದಿನದ ಪ್ರವೇಶಶುಲ್ಕ, ಇಷ್ಟಿದ್ದರೆ ಭಾಗವಹಿಸಬಹುದು. ಕೋನು ತಾಗಿದರೆ ಚಾಲಕನ ಲೆಕ್ಕಕ್ಕೆ ಸೆಕೆಂಡುಗಳು ಸೇರುತ್ತವೆ. ಹೆಚ್ಚಿನ ಓಟವೆಲ್ಲ ಎರಡನೆಯ ಗೇರಿನಲ್ಲೇ ಮುಗಿಯುತ್ತದೆ. ಆದುದರಿಂದ ಇಲ್ಲಿ ಪರೀಕ್ಷೆಗೊಳಗಾಗುವುದು ಎಂಜಿನ್ನಿನ ಬಲಕ್ಕಿಂತ ಹೆಚ್ಚಾಗಿ ಚಾಲಕನ ಕೈ, ಕಣ್ಣು ಮತ್ತು ಕಾರಿನ ಚುರುಕು.

ಒಂದು ನಿಯಮವು ನಮ್ಮ ಆಯ್ಕೆಯನ್ನೆಲ್ಲ ನಿರ್ಧರಿಸುತ್ತದೆ: ಆಟೊಸೋಲೊ ಕಾರು ರಸ್ತೆಗೆ ಯೋಗ್ಯವಾಗಿರಬೇಕು, ತೆರಿಗೆ, ವಿಮೆ, ಎಂ.ಒ.ಟಿ. ಎಲ್ಲವೂ ಸರಿಯಾಗಿದ್ದು ಅದು ತನ್ನ ಚಕ್ರಗಳ ಮೇಲೆಯೇ ಸ್ಪರ್ಧಾಸ್ಥಳಕ್ಕೆ ಬರಬೇಕು. ಭಾನುವಾರ ಕೋನುಗಳ ನಡುವೆ ಓಡಿದ ಕಾರೇ ಸೋಮವಾರ ಮನೆಮಂದಿಯನ್ನು ಕೂರಿಸಿಕೊಂಡು ಹೋಗುತ್ತದೆ. ಇದನ್ನು ಮರೆತು ಮಾಡಿದ ಆಯ್ಕೆಯೂ ಮಾರ್ಪಾಡೂ ಅಪಾಯಕ್ಕೆ ದಾರಿ ಎಂಬುದೇ ಈ ಲೇಖನದ ಮುಖ್ಯ ಮಾತು.

ಮೊದಲ ಜರಡಿ: ಹೊಗೆಯ ನಿಯಮ

ಮಹಾನಗರದೊಳಗೆ ವಾಸಿಸುವವರು ಕಾರಿನ ಅಂದಚಂದಕ್ಕಿಂತ ಮೊದಲು ನೋಡಬೇಕಾದುದು ಅದರ ಹೊಗೆಯ ದರ್ಜೆಯನ್ನು. ಲಂಡನ್ನಿಗರು ‘ಯೂಲೆಝ್’ ಎಂದು ಕರೆಯುವ ಅತಿ ಕಡಿಮೆ ಹೊಗೆಯ ವಲಯವು 2019ರ ಏಪ್ರಿಲ್ 8ರಂದು ನಗರದ ನಡುಭಾಗದಲ್ಲಿ ಜಾರಿಗೆ ಬಂದಿತು. 2021ರ ಅಕ್ಟೋಬರ್ 25ರಂದು ಉತ್ತರ ಮತ್ತು ದಕ್ಷಿಣ ಸರ್ಕ್ಯುಲರ್ ರಸ್ತೆಗಳವರೆಗೂ, 2023ರ ಆಗಸ್ಟ್ 29ರಂದು ಲಂಡನ್ನಿನ ಎಲ್ಲ ಬರೋಗಳಿಗೂ ಅದು ವಿಸ್ತರಿಸಿತು. ಮಾನದಂಡಕ್ಕೆ ಸಲ್ಲದ ಕಾರನ್ನು ಓಡಿಸಿದ ಪ್ರತಿ ದಿನಕ್ಕೂ 12.50 ಪೌಂಡು ತೆರಬೇಕು. ದಿನದ ಲೆಕ್ಕ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ಕ್ರಿಸ್‌ಮಸ್ ದಿನವೊಂದಕ್ಕೆ ಮಾತ್ರ ರಿಯಾಯಿತಿ. ವಾರಕ್ಕೆ ಎರಡೇ ದಿನ ಕಾರು ತೆಗೆದರೂ ವರ್ಷಕ್ಕೆ 1,300 ಪೌಂಡು ಆಯಿತು. ಅಗ್ಗವೆಂದು ಕೊಂಡ ಕಾರಿನ ಬೆಲೆಯೇ ಅಷ್ಟಿರಬಹುದು.

ಪೆಟ್ರೋಲ್ ಕಾರು ಯೂರೊ 4 ದರ್ಜೆಯದಾಗಿರಬೇಕು. ಸಾಮಾನ್ಯವಾಗಿ 2006ರಿಂದೀಚೆಗೆ ನೋಂದಣಿಯಾದವು ಇದರಲ್ಲಿ ಸೇರುತ್ತವೆ. ಅದಕ್ಕೂ ಹಿಂದಿನ ಕೆಲವು ಮಾದರಿಗಳೂ ಸಲ್ಲುತ್ತವೆ. ಡೀಸೆಲ್ ಆದರೆ ಯೂರೊ 6, ಅಂದರೆ ಸುಮಾರು 2015ರ ಸೆಪ್ಟೆಂಬರಿನಿಂದೀಚಿನದು. ಐತಿಹಾಸಿಕ ತೆರಿಗೆ ವರ್ಗಕ್ಕೆ ಸೇರಿದ, ನಾಲ್ವತ್ತು ವರ್ಷ ದಾಟಿದ ಕಾರುಗಳಿಗೆ ವಿನಾಯಿತಿಯಿದೆ. ಮಾರುವವರ ಮಾತನ್ನು ನೆಚ್ಚದೆ, ಕಾರಿನ ನೋಂದಣಿ ಸಂಖ್ಯೆಯನ್ನು ‘ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್’ ಜಾಲತಾಣದಲ್ಲಿ ನಾವೇ ಪರಿಶೀಲಿಸುವುದು ಲೇಸು.

ಈ ಶುಲ್ಕದ ಬಗ್ಗೆ ಗೊಣಗುವವರು ನಮ್ಮಲ್ಲೂ ಇದ್ದಾರೆ. 2013ರಲ್ಲಿ ಲೂಯಿಷಮ್ಮಿನಲ್ಲಿ ದಕ್ಷಿಣ ಸರ್ಕ್ಯುಲರ್ ರಸ್ತೆಯ ಬಳಿ ವಾಸವಾಗಿದ್ದ ಒಂಬತ್ತು ವರ್ಷದ ಎಲ್ಲಾ ಅಡೂ-ಕಿಸ್ಸಿ-ಡೆಬ್ರಾ ಎಂಬ ಬಾಲೆ ಆಸ್ತಮಾದಿಂದ ತೀರಿಕೊಂಡಳು. 2020ರ ಡಿಸೆಂಬರಿನಲ್ಲಿ ಕೊರೊನರ್ ಅವರು ಆಕೆಯ ಸಾವಿಗೆ ವಾಯುಮಾಲಿನ್ಯವೂ ಕಾರಣವೆಂದು ತೀರ್ಪಿತ್ತರು. ವೈದ್ಯನಾಗಿ ನನಗೆ ಈ ತೀರ್ಪನ್ನು ಮರೆತು ಕಾರು ಆರಿಸುವುದು ಸಾಧ್ಯವಿಲ್ಲ.

ಪೂರ್ವಚರಿತ್ರೆ

ರೋಗಿಯನ್ನು ಮುಟ್ಟುವ ಮೊದಲು ಅವನ ಪೂರ್ವಚರಿತ್ರೆಯನ್ನು ಕೇಳಬೇಕೆಂಬುದು ನಮಗೆ ಮೊದಲ ವರ್ಷಗಳಲ್ಲೇ ಕಲಿಸುವ ಪಾಠ. ಬ್ರಿಟನ್ನಿನಲ್ಲಿ ಹಳೆಯ ಕಾರಿಗೂ ಅಂಥ ಚರಿತ್ರೆಯೊಂದಿದೆ. ನಮ್ಮೂರಿನ ‘ಎಫ್.ಸಿ.’ಯನ್ನು ನೆನಪಿಸುವ ಎಂ.ಒ.ಟಿ. ಪರೀಕ್ಷೆ ಇಲ್ಲಿ 1960ರಲ್ಲಿ ಆರಂಭವಾಯಿತು. ಈಗ ಮೂರು ವರ್ಷ ತುಂಬಿದ ಕಾರು ವರ್ಷಕ್ಕೊಮ್ಮೆ ಅದನ್ನು ಎದುರಿಸಬೇಕು. ನೋಂದಣಿ ಸಂಖ್ಯೆಯೊಂದಿದ್ದರೆ ಸರಕಾರದ ಜಾಲತಾಣದಲ್ಲಿ ಹಿಂದಿನ ಪರೀಕ್ಷೆಗಳ ಫಲಿತಾಂಶಗಳು ಉಚಿತವಾಗಿ ದೊರೆಯುತ್ತವೆ.

ಅದರಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಒಂದು, ಮೈಲಿಗಳ ಲೆಕ್ಕ ವರ್ಷದಿಂದ ವರ್ಷಕ್ಕೆ ಕ್ರಮವಾಗಿ ಏರಿದೆಯೇ. ನಡುವೆ ಇಳಿದಿದ್ದರೆ ಮೀಟರನ್ನು ತಿರುಚಿರುವ ಶಂಕೆಯುಂಟು. ಎರಡು, ‘ಅಡ್ವೈಸರಿ’ ಎಂಬ ಸಲಹಾರೂಪದ ಎಚ್ಚರಿಕೆಗಳು. ‘ತುಕ್ಕು, ಆದರೆ ಸದ್ಯ ಅಪಾಯವಿಲ್ಲ’ ಎಂಬ ಅರ್ಥದ ಮಾತು ಮೂರು ವರ್ಷ ಸತತವಾಗಿ ಬಂದಿದ್ದರೆ ನಾಲ್ಕನೆಯ ವರ್ಷ ಏನಾಗುವುದೆಂದು ಊಹಿಸಬಹುದು. ಮೂರು, ಸತತವಾಗಿ ಬಂದ ಎಚ್ಚರಿಕೆಯೊಂದು ಇದ್ದಕ್ಕಿದ್ದಂತೆ ಮಾಯವಾಗಿದ್ದರೆ, ಅದನ್ನು ದುರಸ್ತಿ ಮಾಡಿದರೋ ಮುಚ್ಚಿದರೋ ಎಂದು ಕೇಳಬೇಕು. ಇದರೊಡನೆ ಹಣ ಕೊಟ್ಟು ಪಡೆಯುವ ಖಾಸಗಿ ವರದಿಯೊಂದರಿಂದ ಸಾಲದ ಬಾಕಿಯನ್ನೂ, ವಿಮಾ ಕಂಪನಿಗಳು ಅಪಘಾತದ ಕಾರುಗಳಿಗೆ ಕೊಡುವ ‘ಎಸ್’ ಮತ್ತು ‘ಎನ್’ ವರ್ಗಗಳ ಗುರುತನ್ನೂ ತಿಳಿಯಬಹುದು. ‘ಎಸ್’ ಎಂದರೆ ಕಾರಿನ ಚೌಕಟ್ಟಿಗೇ ಪೆಟ್ಟಾಗಿತ್ತೆಂದು ಅರ್ಥ. ಹೊಸಬರು ಅದರ ಗೊಡವೆಗೆ ಹೋಗದಿರುವುದು ಒಳ್ಳೆಯದು.

ಮೈತಪಾಸಣೆ

ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಿಗೆ ಉಪ್ಪು ಎರಚುತ್ತಾರೆ. ಉಪ್ಪು, ನೀರು ಮತ್ತು ಕಾಲ ಕೂಡಿ ಕಾರಿನ ತಳವನ್ನು ತಿನ್ನುತ್ತವೆ. ಹಳೆಯ ಕಾರಿನ ಎಂಜಿನ್ನು ಕೆಟ್ಟರೆ ಬೇರೊಂದನ್ನು ಹಾಕಬಹುದು. ಒಡಲೇ ತುಕ್ಕಿಗೆ ತುತ್ತಾದರೆ ಮಾಡಬಹುದಾದುದು ಅಲ್ಪ.

ಕೆಲವು ವರ್ಷಗಳ ಹಿಂದೆ ನಾನೇ ಈ ತಪ್ಪನ್ನು ಮಾಡಿದೆ. ಮಗನೊಡನೆ ಆಟಕ್ಕೆ ಹೋಗುವ ಆಸೆಯಿಂದ ಕೆಂಪು ಬಣ್ಣದ, ಕನ್ನಡಿಯಂತೆ ಹೊಳೆಯುವ ಎರಡು ಸೀಟಿನ ಕಾರೊಂದನ್ನು ಸಂಜೆಯ ಮಳೆಯಲ್ಲಿ ನೋಡಿ ಕೊಂಡುಬಿಟ್ಟೆ. ತಳಕ್ಕೆ ಹೊಸದಾಗಿ ಬಳಿದಿದ್ದ ಕಪ್ಪು ಲೇಪನವನ್ನು ಕಂಡು, ಎಷ್ಟು ಚೆನ್ನಾಗಿ ನೋಡಿಕೊಂಡಿದ್ದಾರೆಂದು ಮೆಚ್ಚಿದ್ದೂ ಆಯಿತು. ಮುಂದಿನ ಎಂ.ಒ.ಟಿ.ಯಲ್ಲಿ ಪರೀಕ್ಷಕರು ಹಿಂದಿನ ಚಕ್ರದ ಮುಂಭಾಗದಲ್ಲಿ ಒತ್ತಿದಾಗ ಲೇಪನದ ಹಿಂದೆ ಲೋಹವೇ ಇರಲಿಲ್ಲ. ಸೀಟುಬೆಲ್ಟನ್ನು ಬಿಗಿದಿದ್ದ ಜಾಗ ಅಲ್ಲಿಂದ ಒಂದು ಗೇಣಿನಷ್ಟು ದೂರ. ಆ ಬೆಲ್ಟನ್ನು ನಂಬಿ ಎರಡು ತಿಂಗಳು ನನ್ನ ಮಗ ಪಕ್ಕದಲ್ಲಿ ಕುಳಿತಿದ್ದ. ವೆಲ್ಡಿಂಗಿನ ಖರ್ಚು ಕಾರಿನ ಬೆಲೆಯನ್ನು ಮೀರುತ್ತಿತ್ತು. ಕಾರು ಗುಜರಿಗೆ ಹೋಯಿತು.

ಬೆಲ್ಟಿನ ಆಧಾರಸ್ಥಾನ, ಸಸ್ಪೆನ್ಷನ್, ಸ್ಟಿಯರಿಂಗ್ ಇವು ಒಡಲಿಗೆ ಸೇರುವ ಜಾಗದಿಂದ 30 ಸೆಂಟಿಮೀಟರಿನೊಳಗಿನ ತುಕ್ಕನ್ನು ಎಂ.ಒ.ಟಿ. ನಿಯಮಗಳು ವಿಶೇಷವಾಗಿ ಪರಿಗಣಿಸುವುದು ಈ ಕಾರಣಕ್ಕೇ. ಆದ್ದರಿಂದ ಕಾರನ್ನು ಹಗಲಿನಲ್ಲಿ, ಒಣಗಿರುವಾಗ ನೋಡಬೇಕು. ಬಾಗಿಲ ಕೆಳಗಿನ ಅಂಚು, ಚಕ್ರದ ಕಮಾನು, ಡಿಕ್ಕಿಯ ಹಾಸಿನ ಅಡಿ ಇಲ್ಲೆಲ್ಲ ಕೈಯಾಡಿಸಬೇಕು. ಎಂಜಿನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು; ಮೊದಲೇ ಬಿಸಿಮಾಡಿಟ್ಟಿದ್ದರೆ ಮತ್ತೊಂದು ದಿನ ಬರುವುದಾಗಿ ಹೇಳಬೇಕು. ನೀಲಿ ಹೊಗೆ ಎಂಜಿನ್ ಆಯಿಲ್ ಸುಡುವುದರ ಲಕ್ಷಣ. ಬಿಳಿಯ ಹೊಗೆ ನಿಲ್ಲದೆ ಬಂದರೆ ತಂಪುನೀರು ಒಳಗೆ ಸೋರುತ್ತಿರಬಹುದು. ಇಪ್ಪತ್ತು ನಿಮಿಷ ಓಡಿಸಿ, ಎರಡನೆಯ ಗೇರು ಕಿರುಗುಟ್ಟದೆ ಬೀಳುವುದೇ, ಬ್ರೇಕು ಒತ್ತಿದಾಗ ಕಾರು ಒಂದು ಕಡೆಗೆ ಎಳೆಯುವುದೇ ಎಂದು ಗಮನಿಸಬೇಕು.

ಕೆಲವು ಮಾದರಿಗಳು

ಹಗುರವಾದ ಒಡಲು, ಚಿಕ್ಕ ಗಾತ್ರ, ಮ್ಯಾನ್ಯುಯಲ್ ಗೇರು, ಬಿಡಿಭಾಗಗಳ ಸುಲಭ ಲಭ್ಯತೆ, ಈ ನಾಲ್ಕು ಗುಣಗಳಿದ್ದರೆ ಸಾಕು.

ಮಾಜ್ಡಾ ಎಂ.ಎಕ್ಸ್.-5 ಈ ಆಟದಲ್ಲಿ ಬಹುಕಾಲದಿಂದ ಮೆಚ್ಚುಗೆ ಪಡೆದದ್ದು. ಎಂಜಿನ್ನು ಮುಂದೆ, ಚಾಲನೆ ಹಿಂದಿನ ಚಕ್ರಗಳಿಗೆ. ಮೊದಲ ತಲೆಮಾರು 1989ರಿಂದ 1997, ಎರಡನೆಯದು 1998ರಿಂದ 2005, ಮೂರನೆಯದು 2005ರಿಂದ 2015. ಮೊದಲನೆಯದು ಒಂದು ಟನ್ನಿಗೂ ಹಗುರ, ಆದರೆ ಯೂಲೆಝ್‌ಗೆ ಸಲ್ಲದು. ಲಂಡನ್ನಿನೊಳಗಿನವರಿಗೆ 1.8 ಅಥವಾ 2 ಲೀಟರಿನ ಮೂರನೆಯ ತಲೆಮಾರೇ ಸರಿ. ಮಡಚುವ ಮಾಡಿನ ನೀರು ಹರಿದುಹೋಗುವ ರಂಧ್ರಗಳು ಕಟ್ಟಿಕೊಂಡರೆ ತಳದ ಅಂಚುಗಳು ಒಳಗಿನಿಂದ ತುಕ್ಕು ಹಿಡಿಯುತ್ತವೆಂಬುದು ನೆನಪಿರಲಿ.

ಸುಜುಕಿ ಸ್ವಿಫ್ಟ್ ಸ್ಪೋರ್ಟ್ 2005ರಲ್ಲಿ ಭಾರತಕ್ಕೆ ಬಂದ ಮಾರುತಿ ಸ್ವಿಫ್ಟಿನ ಚುರುಕಾದ ಸೋದರ. ಬ್ರಿಟನ್ನಿಗೆ 2006ರಲ್ಲಿ ಬಂದ ಈ ಮಾದರಿಯಲ್ಲಿ 1.6 ಲೀಟರಿನ, 125 ಅಶ್ವಶಕ್ತಿಯ ಎಂಜಿನ್ನಿದೆ. ತೂಕ ಒಂದು ಟನ್ನಿನ ಆಸುಪಾಸು. ನಾಲ್ವರು ಕೂರಬಹುದಾದ್ದರಿಂದ ಮನೆಗೊಂದೇ ಕಾರು ಸಾಕೆನ್ನುವವರಿಗೆ ಇದು ಹಿತ. ಅದೇ ಕಾಲದ ಫೋರ್ಡ್ ಫಿಯೆಸ್ಟಾ ಎಸ್.ಟಿ.ಯಲ್ಲಿ 2 ಲೀಟರಿನ ಎಂಜಿನ್ನಿದ್ದು, ಬಿಡಿಭಾಗಗಳು ಸುಲಭವಾಗಿ ಸಿಗುತ್ತವೆ.

1999ರಿಂದ 2007ರವರೆಗೆ ತಯಾರಾದ ಮೂರನೆಯ ತಲೆಮಾರಿನ ಟೊಯೋಟಾ ಎಂ.ಆರ್.2ರಲ್ಲಿ ಎಂಜಿನ್ನು ಚಾಲಕನ ಬೆನ್ನ ಹಿಂದಿದೆ. ತಿರುವಿನಲ್ಲಿ ಅದರ ಚುರುಕು ಬೆರಗುಗೊಳಿಸುತ್ತದೆ. ಆದರೆ ಹಿಂಭಾಗ ಜಾರಿದರೆ ಹೊಸಬರಿಗೆ ಹಿಡಿತಕ್ಕೆ ಸಿಗದು. ಆರಂಭದ ವರ್ಷಗಳ ಕಾರುಗಳಲ್ಲಿ ಎಂಜಿನ್ನಿಗೆ ಅಂಟಿಕೊಂಡಂತಿರುವ ಚಿಕ್ಕ ಕ್ಯಾಟಲಿಸ್ಟ್ ಪುಡಿಯಾಗಿ ಎಂಜಿನ್ನನ್ನೇ ಹಾಳುಮಾಡುವುದುಂಟು. ವಲಯದ ಹೊರಗಿರುವವರಿಗೆ 1992ರಲ್ಲಿ ಬಂದ ನಿಸ್ಸಾನ್ ಮೈಕ್ರಾ ಸೊಗಸಾದ ಪಾಠಶಾಲೆ. ಸಂಡರ್‌ಲೆಂಡಿನಲ್ಲಿ ತಯಾರಾದ ಈ ಪುಟ್ಟ ಕಾರು 1993ರ ಯೂರೋಪಿನ ವರ್ಷದ ಕಾರು ಎಂಬ ಪ್ರಶಸ್ತಿಯನ್ನೂ ಪಡೆದಿತ್ತು.

ಹಣವನ್ನು ಹಂಚುವ ಕ್ರಮ

ಕೈಯಲ್ಲಿ ಮೂರು ಸಾವಿರ ಪೌಂಡು ಇದ್ದರೆ ಎರಡು ಸಾವಿರದ ಕಾರು ಕೊಂಡು ಒಂದು ಸಾವಿರವನ್ನು ಉಳಿಸಿಕೊಳ್ಳಬೇಕು. ಮೊದಲ ಖರ್ಚು ಪೂರ್ವಸ್ಥಿತಿಗೆ ತರುವುದರ ಮೇಲೆ: ಎಂಜಿನ್ ಆಯಿಲ್, ತಂಪುನೀರು, ಸವೆದ ರಬ್ಬರು ಬುಷ್‌ಗಳು, ಬ್ರೇಕಿನ ದ್ರವ. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಕಾದಾಗ ಆ ನೀರು ಆವಿಯಾಗಿ, ಪೆಡಲು ಮೆತ್ತಗಾಗಿ ಕೆಳಗಿಳಿಯುತ್ತದೆ.

ಎರಡನೆಯದು ಟಯರು. ಕಾರಿಗೂ ನೆಲಕ್ಕೂ ಸಂಬಂಧ ಕಲ್ಪಿಸುವುದು ಅಂಗೈಯಗಲದ ನಾಲ್ಕು ತುಂಡು ರಬ್ಬರು ಮಾತ್ರ. ಟಯರಿನ ಪಕ್ಕದಲ್ಲಿ ಅದರ ಜನ್ಮದಿನಾಂಕವಿರುತ್ತದೆ: 2319 ಎಂದರೆ 2019ನೆಯ ವರ್ಷದ 23ನೆಯ ವಾರ. ಗೀರುಗಳು ಆಳವಿದ್ದರೂ ರಬ್ಬರು ಹಳತಾಗಿ ಗಡುಸಾಗಿದ್ದರೆ ಹಿಡಿತವಿರದು. ಮೂರನೆಯದು ಬ್ರೇಕ್ ಪ್ಯಾಡು ಮತ್ತು ಚಕ್ರಗಳ ಅಲೈನ್‌ಮೆಂಟು. ಇಷ್ಟಾದ ಮೇಲೆ ಒಂದು ವರ್ಷ ಆಡಿ, ಅನಂತರವೇ ಷಾಕ್ ಅಬ್ಸಾರ್ಬರ್, ಆಂಟಿ-ರೋಲ್ ಬಾರ್‌ಗಳ ಯೋಚನೆ. ಎಂಜಿನ್ನಿನ ಬಲ ಹೆಚ್ಚಿಸುವುದು ಪಟ್ಟಿಯ ಕೊನೆಗಿರಲಿ. ಮನೆಯಲ್ಲೇ ಕೆಲಸ ಮಾಡುವವರು ಬರಿಯ ಜ್ಯಾಕನ್ನು ನಂಬಿ ಕಾರಿನ ಅಡಿಗೆ ನುಸುಳಬಾರದು. ಆಕ್ಸಲ್ ಸ್ಟ್ಯಾಂಡುಗಳ ಬೆಲೆ ಪಕ್ಕೆಲುಬುಗಳ ಬೆಲೆಗಿಂತ ತೀರ ಕಡಿಮೆ.

ಮೈಗೆ ಸಂಬಂಧಿಸಿದ ಎಚ್ಚರ

ಬ್ರಿಟನ್ನಿನಲ್ಲಿ ಮುಂದಿನ ಸೀಟಿನವರಿಗೆ ಬೆಲ್ಟು ಕಡ್ಡಾಯವಾದದ್ದು 1983ರ ಜನವರಿ 31ರಂದು. ಕಾರಿನ ಮೂಲ ಬೆಲ್ಟು, ಗಾಳಿಚೀಲ ಮತ್ತು ಸೀಟು ಒಂದೇ ವ್ಯವಸ್ಥೆಯ ಮೂರು ಅಂಗಗಳು. ರೇಸಿನ ಸೊಗಸಿಗಾಗಿ ನಾಲ್ಕೆಳೆಯ ಪಟ್ಟಿ ಹಾಕಿಸುವವರಿದ್ದಾರೆ. ತೊಡೆಗಳ ನಡುವಿನ ಪಟ್ಟಿಯಿಲ್ಲದ ಅಂಥ ಬಿಗಿತದಲ್ಲಿ, ಡಿಕ್ಕಿಯಾದಾಗ ಸೊಂಟದ ಪಟ್ಟಿ ಮೂಳೆಯನ್ನು ಬಿಟ್ಟು ಮೇಲೆ ಸರಿದು ಹೊಟ್ಟೆಯನ್ನು ಒತ್ತಬಹುದು; ಕರುಳಿಗೂ ಬೆನ್ನುಮೂಳೆಗೂ ಅದರಿಂದ ಹಾನಿ. ಕಾರು ಮಗುಚಿದರೆ ಅದು ಮೈಯನ್ನು ನೆಟ್ಟಗೆ ಹಿಡಿದಿಡುತ್ತದೆ, ತಗ್ಗಿದ ಮಾಡು ತಲೆಯ ಮೇಲೆ ಬರುತ್ತದೆ. ಉಕ್ಕಿನ ಕೇಜು ಹೆಲ್ಮೆಟ್ಟು ತೊಟ್ಟವರನ್ನು ಕಾಯುತ್ತದೆ. ಹೆಲ್ಮೆಟ್ಟಿಲ್ಲದೆ ಸೋಮವಾರ ಕೆಲಸಕ್ಕೆ ಹೊರಟವರ ತಲೆಗೆ ಅದೇ ಕೊಳವೆ ಸುತ್ತಿಗೆಯಾಗಬಲ್ಲದು. ಆಟೊಸೋಲೊಗೆ ಇವೆರಡೂ ಅನಗತ್ಯ. ಮೂಲ ಬೆಲ್ಟನ್ನು ಹಾಗೆಯೇ ಉಳಿಸಿಕೊಳ್ಳುವುದು ಕ್ಷೇಮ.

ವಿಮೆ

ಚಕ್ರ, ಸಸ್ಪೆನ್ಷನ್, ಸೈಲೆನ್ಸರ್ ಯಾವುದನ್ನೇ ಬದಲಿಸಿದರೂ ವಿಮಾ ಕಂಪನಿಗೆ ತಿಳಿಸಬೇಕು. ವಿಮೆ ಮಾಡಿಸುವಾಗಲೂ ನವೀಕರಿಸುವಾಗಲೂ ಕೇಳಿದ ಪ್ರಶ್ನೆಗಳಿಗೆ ತಪ್ಪು ಮಾಹಿತಿ ಹೋಗದಂತೆ ಎಚ್ಚರ ವಹಿಸುವುದು 2012ರ ಗ್ರಾಹಕ ವಿಮಾ ಕಾಯಿದೆಯಂತೆ ನಮ್ಮ ಕರ್ತವ್ಯ. ಮರೆಮಾಚಿದರೆ ಪರಿಹಾರ ಕಡಿಮೆಯಾಗಬಹುದು, ನಿರಾಕರಣೆಯೂ ಆಗಬಹುದು. ಸಾಮಾನ್ಯ ಪಾಲಿಸಿಗಳು ಸ್ಪರ್ಧೆಯ ಸಮಯವನ್ನು ಒಳಗೊಳ್ಳುವುದಿಲ್ಲ. ಸ್ಪರ್ಧಾಸ್ಥಳಕ್ಕೆ ಹೋಗಿಬರುವ ದಾರಿಗೆ ರಕ್ಷಣೆ ಇದೆಯೇ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಬೇಕು.

ಕಾರು ಕೊಳ್ಳುವ ಮೊದಲೇ ಹತ್ತಿರದ ಕ್ಲಬ್ಬಿಗೆ ಸೇರಿ ಒಂದು ಭಾನುವಾರ ಕೋನುಗಳನ್ನು ಎತ್ತಿನಿಲ್ಲಿಸುವ ಸ್ವಯಂಸೇವಕರಾಗಿ ನಿಲ್ಲುವುದು ಉತ್ತಮ ಆರಂಭ. ಯಾವ ಕಾರು ಹೇಗೆ ತಿರುಗುತ್ತದೆಂಬುದನ್ನು ಅಲ್ಲಿ ಕಣ್ಣಾರೆ ಕಾಣಬಹುದು. ಅಲ್ಲಿನ ಹಿರಿಯರು ತಮ್ಮ ಕಾರಿನ ತುಕ್ಕಿನ ಕಥೆಯನ್ನು ಸಂತೋಷದಿಂದಲೇ ಹೇಳುತ್ತಾರೆ. ನನ್ನ ಮಗ ಈಗ ಓಡಿಸುತ್ತಿರುವುದು ಬೂದು ಬಣ್ಣದ ಹಳೆಯ ಸ್ವಿಫ್ಟ್. ಬಣ್ಣ ಮಾಸಿದೆ, ಬಾಗಿಲಿಗೆ ತಗ್ಗು ಬಿದ್ದಿದೆ. ತಳ ಮಾತ್ರ ಗಟ್ಟಿಯಾಗಿದೆ.