ತೋಟಾದ ಮೇಲೆ ಬರೆದ ಸಿಟ್ಟು

1929ರಲ್ಲಿ ಡಲ್ಲಾಸ್‌ನ ಬೇಲರ್ ಆಸ್ಪತ್ರೆ ಶಾಲಾ ಶಿಕ್ಷಕರ ಮುಂದೆ ಸರಳ ಕರಾರೊಂದನ್ನು ಇಟ್ಟಿತು: ತಿಂಗಳಿಗೆ 50 ಸೆಂಟ್ ಕಟ್ಟಿದರೆ ವರ್ಷಕ್ಕೆ 21 ದಿನಗಳ ಆಸ್ಪತ್ರೆವಾಸ. ಅಮೆರಿಕದ ಆರೋಗ್ಯ ವಿಮೆ ಚಿಗುರಿದ್ದು ಹೀಗೆ. 1942ರಲ್ಲಿ ಸರ್ಕಾರ ಸಂಬಳ ಏರಿಕೆಗೆ ಕಡಿವಾಣ ಹಾಕಿದಾಗ ಮಾಲೀಕರು ಕೆಲಸಗಾರರನ್ನು ಸೆಳೆಯಲು ವಿಮೆ ಕೊಡತೊಡಗಿದರು. ನೌಕರಿ ಹೋದರೆ ಔಷಧಿಯೂ ಹೋಯಿತು ಎಂಬ ವಿಚಿತ್ರ ವ್ಯವಸ್ಥೆ ಬೇರೂರಿತು. ವೈದ್ಯರು ಬರೆದುಕೊಟ್ಟ ಚಿಕಿತ್ಸೆಗೆ ಹಣ ಕೊಡುವುದಿಲ್ಲ ಎನ್ನುವ ಅಧಿಕಾರ ವಿಮಾ ಕಂಪನಿಗಳ ಕೈಗೆ ಬಂತು. ಹಾಗಾಗಿಯೇ 2024ರ ಡಿಸೆಂಬರ್ 4ರಂದು ಮ್ಯಾನ್‌ಹಟನ್‌ನಲ್ಲಿ ಯುನೈಟೆಡ್‌ಹೆಲ್ತ್‌ಕೇರ್ ವಿಮಾ ಕಂಪನಿಯ ಮುಖ್ಯಸ್ಥರು ಗುಂಡೇಟಿಗೆ ಬಲಿಯಾದಾಗ, ತೋಟಾಗಳ ಮೇಲೆ ‘ತಡಮಾಡು’, ‘ನಿರಾಕರಿಸು’ ಎಂಬರ್ಥದ ಪದಗಳು ಕಂಡಾಗ, ಮರುಗುವ ಬದಲು ನಕ್ಕವರೂ ಇದ್ದರು.

ಆ ಸಿಟ್ಟು ಸುಳ್ಳಲ್ಲ, ಆದರೆ ಕೊಲೆ ನ್ಯಾಯವಲ್ಲ. ಕೊಲೆಯ ಮರುದಿನವೇ ಆಂಥೆಮ್ ಎಂಬ ಇನ್ನೊಂದು ವಿಮಾ ಕಂಪನಿ ಅರಿವಳಿಕೆಗೆ ಹಣ ಕೊಡುವ ಅವಧಿಗೆ ಮಿತಿ ಹಾಕುವ ಯೋಜನೆ ಕೈಬಿಟ್ಟಿತಲ್ಲ, ಇವರು ಬಗ್ಗುವುದು ಗುಂಡಿಗೆ ಮಾತ್ರ ಎನ್ನುವವರಿದ್ದಾರೆ. ಅರಿವಳಿಕೆ ತಜ್ಞರ ಸಂಘ ನವೆಂಬರ್‌ನಲ್ಲೇ ಅದರ ವಿರುದ್ಧ ದನಿಯೆತ್ತಿದ್ದನ್ನು ಅವರು ಮರೆಯುತ್ತಾರೆ. ಹಳೆಯ ಕಾಯಿಲೆಯ ನೆಪವೊಡ್ಡಿ ವಿಮೆ ನಿರಾಕರಿಸುವ ಪದ್ಧತಿಯನ್ನು ನಿಷೇಧಿಸಿದ್ದೂ 2010ರ ಕಾನೂನೇ. ಕಾನೂನು ಬರುವಷ್ಟರಲ್ಲಿ ರೋಗಿ ಸಾಯುತ್ತಾನಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ, ಸುಲಭದ ಉತ್ತರವಿಲ್ಲ. ಆದರೆ ಅಹವಾಲು ಕೇಳದೆ ಒಬ್ಬರ ಜೀವದ ಬಗ್ಗೆ ತೀರ್ಪು ಕೊಡುತ್ತಾರೆಂಬುದೇ ತಾನೇ ಕಂಪನಿಗಳ ಮೇಲಿನ ದೂರು? ಪಿಸ್ತೂಲು ಮಾಡಿದ್ದೂ ಅದನ್ನೇ. 2025ರ ಜನವರಿಯಲ್ಲಿ ಕೊಲೆಯಾದ ಮುಖ್ಯಸ್ಥರ ಹುದ್ದೆಗೆ ಅದೇ ಕಂಪನಿಯ ಇನ್ನೊಬ್ಬ ಅಧಿಕಾರಿ ಬಂದರು.