ಹೃದಯದ ಅತಿವೃದ್ಧಿ: ಒಂದು ಭಾವನೆಯ ಚರಿತ್ರೆ

ಒಂದು ಶಬ್ದವು ವಿಚಾರವನ್ನು ದೀರ್ಘಕಾಲ ಬಂಧಿಸಿಡುವುದುಂಟು. ಅಧಿಕ ಒತ್ತಡಕ್ಕೆ ಗುರಿಯಾದ ಹೃತ್ಪೇಶಿಯು ದಪ್ಪನಾಗುವುದನ್ನು ವೈದ್ಯರು ‘ಸರಿದೂಗಿಕೆ’ ಎಂದು ಕರೆದುದು ಇಂತಹುದೇ ಒಂದು ನಿದರ್ಶನ. ಈ ಭಾವನೆಯು ಹೇಗೆ ನೆಲೆಗೊಂಡಿತು, ಹೇಗೆ ಸಡಿಲವಾಯಿತು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸುತ್ತೇವೆ.

1836ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್, ಮೂತ್ರಪಿಂಡದ ರೋಗದಿಂದ ಮಡಿದ ಅನೇಕರಲ್ಲಿ ಕವಾಟಗಳು ನಿರ್ದುಷ್ಟವಾಗಿದ್ದರೂ ಎಡ ಹೃತ್ಕುಕ್ಷಿಯು ದಪ್ಪನಾಗಿದ್ದುದನ್ನು ಕಂಡನು. ವಿಕಾರಗೊಂಡ ರಕ್ತವನ್ನು ಸೂಕ್ಷ್ಮನಾಳಗಳಲ್ಲಿ ನೂಕಲು ಹೃದಯವು ಹೆಚ್ಚು ದುಡಿಯಬೇಕಾಗಿದ್ದಿರಬಹುದೆಂದು ಊಹಿಸಿದನು. ತೋಳಿನಲ್ಲಿ ರಕ್ತದೊತ್ತಡವನ್ನು ಅಳೆಯುವ ರೀವಾ-ರೊಚ್ಚಿಯ ಸಾಧನವು ಬಂದುದು 1896ರಲ್ಲಿ ಎಂಬುದನ್ನು ನೆನೆದರೆ ಈ ಊಹೆಯ ಮಹತ್ವವು ತಿಳಿಯುವುದು.

1892ರಲ್ಲಿ ಆಸ್ಲರನ ಪಠ್ಯಗ್ರಂಥವು ಅತಿವೃದ್ಧಿಗೆ ಮೂರು ಹಂತಗಳನ್ನು ಹೇಳಿತು: ಬೆಳವಣಿಗೆ, ಪೂರ್ಣ ಸರಿದೂಗಿಕೆ, ಸರಿದೂಗಿಕೆಯ ಭಂಗ. 1975ರಲ್ಲಿ ಗ್ರಾಸ್‌ಮನ್ ಮತ್ತು ಸಂಗಡಿಗರು ಇದಕ್ಕೆ ಗಣಿತದ ಬೆಂಬಲವನ್ನಿತ್ತರು. ಲಪ್ಲಾಸನ ನಿಯಮದಂತೆ, ಕುಕ್ಷಿಯೊಳಗಿನ ಒತ್ತಡವು ಏರಿದಾಗ ಗೋಡೆಯ ಬಿಗುಪೂ ಏರುತ್ತದೆ. ಗೋಡೆಯು ದಪ್ಪನಾದರೆ ಆ ಬಿಗುಪು ತಗ್ಗುತ್ತದೆ. ಆದುದರಿಂದ ಅತಿವೃದ್ಧಿಯು ಹೃದಯದ ಆತ್ಮರಕ್ಷಣೆಯೆಂದೇ ತೋರಿತು.

ಆದರೆ ಒತ್ತಡವೆಂಬ ಭೌತಿಕ ಬಲವು ಬೆಳವಣಿಗೆಯಾಗಿ ಮಾರ್ಪಡುವುದೆಂತು? 1993ರಲ್ಲಿ ಸಾದೋಶಿಮಾ, ಇಝುಮೋ ಮೊದಲಾದವರು, ಎಳೆಯ ಇಲಿಗಳ ಹೃದಯಕೋಶಗಳನ್ನು ಹಿಗ್ಗಿಸಿದಾಗ ಅವು ಆಂಜಿಯೋಟೆನ್ಸಿನ್-2 ಎಂಬ ದ್ರವ್ಯವನ್ನು ಸ್ರವಿಸುವುದನ್ನೂ, ಅದು ಆ ಕೋಶಗಳನ್ನೇ ಬೆಳೆಯುವಂತೆ ಪ್ರೇರಿಸುವುದನ್ನೂ ತೋರಿಸಿದರು. 1999ರ ಒಂದು ಪ್ರಯೋಗದಲ್ಲಿ, ಫೈಬ್ರೋಬ್ಲಾಸ್ಟ್ ವೃದ್ಧಿಕಾರಕ-2 ಇಲ್ಲದ ಇಲಿಗಳ ಮಹಾಪಧಮನಿಯನ್ನು ಕಿರಿದುಗೊಳಿಸಿದಾಗ, ಹೃದಯದ ಬೆಳವಣಿಗೆಯು ಸಾಮಾನ್ಯ ಇಲಿಗಳಿಗಿಂತ ಬಹಳ ಕಡಮೆಯಾಗಿತ್ತು. ಹೀಗೆ ಅತಿವೃದ್ಧಿಯು ಒತ್ತಡದ ಅನಿವಾರ್ಯ ಫಲವಲ್ಲ, ರಾಸಾಯನಿಕ ಸಂದೇಶಗಳ ಮೂಲಕ ನಡೆಯುವ ಕಾರ್ಯವೆಂದು ಸ್ಪಷ್ಟವಾಯಿತು.

ಇಲ್ಲಿಯೇ ಹಳೆಯ ಭಾವನೆಗೆ ಪೆಟ್ಟು ಬಿದ್ದಿತು. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನವು 1990ರಲ್ಲಿಯೇ, ರಕ್ತದೊತ್ತಡವನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಹೃತ್ಕುಕ್ಷಿಯ ತೂಕ ಹೆಚ್ಚಿದವರಲ್ಲಿ ಮರಣವು ಹೆಚ್ಚೆಂದು ತಿಳಿಸಿದ್ದಿತು. ಬೆಳವಣಿಗೆಯ ಸಂದೇಶವನ್ನು ಆನುವಂಶಿಕವಾಗಿ ತಡೆದ ಇಲಿಗಳಲ್ಲಿ, ಗೋಡೆಯ ಬಿಗುಪು ಏರಿದ್ದರೂ ಹೃದಯದ ಶಕ್ತಿಯು ಕುಂದಲಿಲ್ಲವೆಂದು 2002ರಲ್ಲಿ ವರದಿಯಾಯಿತು.

ಇಲಿಯ ಹೃದಯದಿಂದ ಮನುಷ್ಯನ ಹೃದಯಕ್ಕೆ ನೇರವಾಗಿ ತೀರ್ಮಾನವನ್ನು ಎಳೆಯಲಾಗದು, ನಿಜ. ಆದರೂ ಇದು ಕೇವಲ ಶಬ್ದದ ಚರ್ಚೆಯಲ್ಲ. ಸರಿದೂಗಿಕೆಯೆಂದು ಬಗೆದ ವೈದ್ಯನು ಬೆಳವಣಿಗೆಯನ್ನು ಮುಟ್ಟದೆ ಬಿಡುವನು. ರೋಗವೆಂದು ಬಗೆದವನು ತಡೆಯಲೆಳಸುವನು. ಬ್ರೈಟನು ಕಂಡ ಸಂಗತಿಯು ಇಂದಿಗೂ ಸತ್ಯವಾಗಿ ಉಳಿದಿದೆ. ಅದಕ್ಕೆ ಮುಂದಿನವರು ಇತ್ತ ಹೆಸರನ್ನು ಮಾತ್ರ ನಾವು ಮರುಪರೀಕ್ಷಿಸಬೇಕಾಗಿದೆ.